ಸಿಂಗ್ಯುಲಾರಿಟಿ: ಕಪ್ಪುಕುಳಿಗೆ ಯಾವ ಅರ್ಥ, ಬಿಗ್ ಬ್ಯಾಂಗ್‌ಗೆ ಯಾವ ಅರ್ಥ?

ಸಿಂಗ್ಯುಲಾರಿಟಿ ಬಗ್ಗೆ ಕಾಲೇಜಿನಲ್ಲಿ ಸೆಮಿನಾರ್ ಕೊಡ್ತೀನಿ ಅಂತ ಒಪ್ಪಿಕೊಂಡವರಿಗೆ ಮೊದಲ ಕಷ್ಟ ಗಣಿತದ್ದಲ್ಲ, ಅರ್ಥದ್ದು. ಒಂದು ಪುಸ್ತಕ ಅದನ್ನು ಅನಂತ ಸಾಂದ್ರತೆಯ ಬಿಂದು ಅನ್ನುತ್ತದೆ. ಇನ್ನೊಂದು, ದೇಶಕಾಲದಲ್ಲಿ (ಜಾಗ ಮತ್ತು ಕಾಲ ಸೇರಿದ ಹಂದರದಲ್ಲಿ) ದಾರಿ ಮುಗಿದುಹೋಗುವುದೇ ಸಿಂಗ್ಯುಲಾರಿಟಿ ಅನ್ನುತ್ತದೆ. ಮತ್ತೊಂದರ ಪ್ರಕಾರ ಐನ್‌ಸ್ಟೈನ್ ಅವರ ಗುರುತ್ವದ ಸಿದ್ಧಾಂತ ಅಲ್ಲಿಗೆ ಕೆಲಸ ನಿಲ್ಲಿಸುತ್ತದೆ, ಅಷ್ಟೇ. ವಿಡಿಯೊ ನೋಡಲು ಹೋದರೆ, ಅಂಥದ್ದು ಇಲ್ಲವೇ ಇಲ್ಲ, ಕ್ವಾಂಟಂ (ಪರಮಾಣು ಮಟ್ಟದ ಭೌತಶಾಸ್ತ್ರದ) ಲೆಕ್ಕದಲ್ಲಿ ವಿಶ್ವ ಕುಗ್ಗಿ ಮತ್ತೆ ಹಿಗ್ಗಿತು ಅನ್ನುತ್ತಾರೆ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಬಾಗೇಪಲ್ಲಿ ಕಡೆ ಬಿಎಸ್ಸಿ ಮಕ್ಕಳು ಸೆಮಿನಾರ್ ಕೊಡುವಾಗ ಈ ನಾಲ್ಕನ್ನೂ ಒಂದೇ ಸ್ಲೈಡಿನಲ್ಲಿ ಕಲಸಿಬಿಡುವುದನ್ನು ನೋಡುತ್ತಿರುತ್ತೇನೆ. ತಪ್ಪು ಅವರದ್ದಲ್ಲ. ಯಾವುದನ್ನು ಎಲ್ಲಿ ಬಳಸಬೇಕು ಅಂತ ಯಾರೂ ಬಿಡಿಸಿ ಹೇಳಿಲ್ಲ. ಈ ಬರಹ ಅದಕ್ಕೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಕಪ್ಪುಕುಳಿಗೆ (ಬ್ಲ್ಯಾಕ್ ಹೋಲ್‌ಗೆ) 'ದಾರಿ ಮುಗಿಯುತ್ತದೆ' ಅನ್ನುವ ಅರ್ಥ ಇಟ್ಟುಕೊಳ್ಳಿ. ಬಿಗ್ ಬ್ಯಾಂಗ್‌ಗೆ 'ಸಿದ್ಧಾಂತದ ಗಡಿ' ಅನ್ನುವ ಅರ್ಥ ಇಟ್ಟುಕೊಳ್ಳಿ. ಎರಡಕ್ಕೂ ಒಂದೇ ಅರ್ಥ ಹೊಂದಿಸಲು ಹೋದರೆ ಎರಡೂ ಕೆಡುತ್ತವೆ.

ಅನಂತ ಸಾಂದ್ರತೆಯ ಬಿಂದು

ಎಲ್ಲರಿಗೂ ಗೊತ್ತಿರುವ ಅರ್ಥ ಇದು. ಸುಲಭವಾಗಿ ನೆನಪಿರುತ್ತದೆ, ಕೇಳಿದ ತಕ್ಷಣ ಬೆರಗು ಹುಟ್ಟಿಸುತ್ತದೆ. ಆದರೂ ನಾಲ್ಕರಲ್ಲಿ ನಾನು ಬೇಡ ಅನ್ನುವುದು ಇದನ್ನೇ.

ಕಪ್ಪುಕುಳಿಯಿಂದ ಶುರು ಮಾಡೋಣ. ಐನ್‌ಸ್ಟೈನ್ ಸಮೀಕರಣಕ್ಕೆ ಶ್ವಾರ್ಜ್‌ಶೀಲ್ಡ್ ಕೊಟ್ಟ, 1916ರಲ್ಲಿ ಪ್ರಕಟವಾದ ಪರಿಹಾರವೇ ಕಪ್ಪುಕುಳಿಯ ಮೊದಲ ಲೆಕ್ಕ. ಅದು ಖಾಲಿ ಜಾಗದ ಪರಿಹಾರ. ಅಂದ್ರೆ, ಆ ಲೆಕ್ಕದಲ್ಲಿ ಕೇಂದ್ರದ ಹತ್ತಿರ ಎಷ್ಟೇ ಸರಿದರೂ ವಸ್ತುವಿನ ಸಾಂದ್ರತೆ ಸೊನ್ನೆಯೇ. ಅನಂತಕ್ಕೆ ಏರುವುದು ಸಾಂದ್ರತೆಯಲ್ಲ, ದೇಶಕಾಲದ ವಕ್ರತೆ. ಸ್ಲೈಡಿನಲ್ಲಿ 'ಅನಂತ ಸಾಂದ್ರತೆ' ಅಂತ ಬರೆದು ಪಕ್ಕದಲ್ಲೇ ಶ್ವಾರ್ಜ್‌ಶೀಲ್ಡ್ ಸಮೀಕರಣ ಹಾಕಿದರೆ, ಒಂದಕ್ಕೊಂದು ತಾಳೆ ಆಗುವುದಿಲ್ಲ.

ಎರಡನೇ ತೊಂದರೆ, ಎಲ್ಲ ಅನಂತವೂ ನಿಜವಾದ ಅನಂತವಲ್ಲ. ಅದೇ ಪರಿಹಾರದಲ್ಲಿ ಘಟನಾ ದಿಗಂತದ (ದಾಟಿದರೆ ಬೆಳಕೂ ವಾಪಸ್ ಬರಲಾಗದ ಗಡಿಯ) ಜಾಗದಲ್ಲೂ ಒಂದು ಪದ ಅನಂತವಾಗುತ್ತದೆ. ಸೂರ್ಯನಷ್ಟು ದ್ರವ್ಯರಾಶಿಗೆ ಆ ದಿಗಂತದ ತ್ರಿಜ್ಯ ಸುಮಾರು 3 ಕಿಲೋಮೀಟರ್, ಭೂಮಿಯಷ್ಟಕ್ಕೆ ಸುಮಾರು 9 ಮಿಲಿಮೀಟರ್. ಅಲ್ಲೂ ಏನೋ ಭಯಂಕರ ಆಗುತ್ತದೆ ಅಂತ ದೊಡ್ಡ ದೊಡ್ಡ ಭೌತವಿಜ್ಞಾನಿಗಳೇ ಬಹಳ ಕಾಲ ಅಂದುಕೊಂಡಿದ್ದರು. ಅದು ನಾವು ಆರಿಸಿಕೊಂಡ ನಿರ್ದೇಶಾಂಕದ ತೊಂದರೆ, ಜಾಗದ ತೊಂದರೆಯಲ್ಲ ಅಂತ ಲಮೇತ್ರ್ 1930ರ ದಶಕದಲ್ಲೇ ತೋರಿಸಿದರು. ಆದರೆ 1958ರಲ್ಲಿ ಫಿಂಕೆಲ್‌ಸ್ಟೈನ್, 1960ರಲ್ಲಿ ಕ್ರಸ್ಕಲ್ ಬರೆದ ಮೇಲೆಯೇ ವಿಷಯ ಎಲ್ಲರಿಗೂ ತಿಳಿಯಾಯಿತು. ನಿರ್ದೇಶಾಂಕ ಬದಲಿಸಿದರೆ ಆ ಅನಂತ ಮಾಯ. ಕೇಂದ್ರದ ಅನಂತ ಹಾಗೆ ಹೋಗುವುದಿಲ್ಲ.

ಮೂರನೆಯದು 'ಬಿಂದು' ಅನ್ನುವ ಕಲ್ಪನೆ. ಬಿಗ್ ಬ್ಯಾಂಗ್ ಅಂದ ಕೂಡಲೇ ಮಕ್ಕಳು ಕೇಳುವುದು, "ಸರ್, ಆ ಬಿಂದು ಈಗ ಎಲ್ಲಿದೆ? ಯಾವ ದಿಕ್ಕಿಗೆ ನೋಡಬೇಕು?" ಬಿಂದು ಅಂತ ಹೇಳಿಕೊಟ್ಟವರು ನಾವು, ಆ ಪ್ರಶ್ನೆ ಬಂದೇ ಬರುತ್ತದೆ. ಉತ್ತರ ಏನು ಗೊತ್ತಾ? ಅಂಥ ಜಾಗ ಇಲ್ಲ. ವಿಶ್ವ ಇವತ್ತು ಅನಂತ ದೊಡ್ಡದಾಗಿದ್ದರೆ, ಬಿಗ್ ಬ್ಯಾಂಗ್ ಆದ ಮರುಗಳಿಗೆಯಲ್ಲೂ ಅನಂತ ದೊಡ್ಡದಾಗಿಯೇ ಇತ್ತು. ಎಲ್ಲ ಕಡೆ ಒಟ್ಟಿಗೆ ಸಾಂದ್ರತೆ ಜಾಸ್ತಿ ಇತ್ತು, ಎಲ್ಲ ಕಡೆ ಒಟ್ಟಿಗೆ ಹಿಗ್ಗಿತು. ಈಗ ನಾವು ನೋಡಬಲ್ಲ ಭಾಗ ಮಾತ್ರ ಆಗ ಬಹಳ ಚಿಕ್ಕದಾಗಿತ್ತು.

ಕಪ್ಪುಕುಳಿಯಲ್ಲೂ ಬಿಂದು ಸರಿಹೊಂದುವುದಿಲ್ಲ. ಅದಕ್ಕೆ ಕಾರಣ ಬೇರೆ, ಮುಂದಿನ ಭಾಗದಲ್ಲಿ ಬರುತ್ತದೆ.

ದಾರಿ ಮುಗಿಯುತ್ತದೆ

ನನಗೆ ಬಹಳ ಇಷ್ಟವಾದ ಅರ್ಥ ಇದು. ಸ್ವಲ್ಪ ನಿಧಾನವಾಗಿ ನೋಡೋಣ.

ಯಾವ ಬಲವೂ ಇಲ್ಲದೆ, ಬರೀ ಗುರುತ್ವದಲ್ಲಿ ಬೀಳುತ್ತಿರುವ ಒಬ್ಬ ಯಾತ್ರಿಯನ್ನು ಯೋಚಿಸಿ. ಅವರ ಕೈಯಲ್ಲಿ ಒಂದು ಗಡಿಯಾರ ಇದೆ. ದೇಶಕಾಲ ಎಲ್ಲೂ ತುಂಡಾಗದೆ ಇದ್ದರೆ ಆ ಗಡಿಯಾರ ಎಂದೆಂದಿಗೂ ಓಡುತ್ತಿರಬೇಕು. ಓಡುತ್ತಾ ಓಡುತ್ತಾ, ಇಷ್ಟು ಸೆಕೆಂಡು ಆದ ಮೇಲೆ ಮುಂದಿನ ಸೆಕೆಂಡೇ ಇಲ್ಲ ಅಂತಾದರೆ, ಆ ದಾರಿ ಅಪೂರ್ಣ. ಅಂಥ ಅಪೂರ್ಣ ದಾರಿ ಇದ್ದು, ಆ ದೇಶಕಾಲವನ್ನು ಇನ್ನೂ ಮುಂದಕ್ಕೆ ಬೆಳೆಸಲು ಆಗದೇ ಹೋದರೆ, ಅಲ್ಲಿ ಸಿಂಗ್ಯುಲಾರಿಟಿ ಇದೆ ಅನ್ನುತ್ತಾರೆ. ಇದರಲ್ಲಿ ಬಿಂದು ಇಲ್ಲ, ಸಾಂದ್ರತೆಯೂ ಇಲ್ಲ. ಅದು ಒಂದು ವಸ್ತು ಅಲ್ಲವೇ ಅಲ್ಲ.

ಈ ಅರ್ಥ ಯಾಕೆ ಗಟ್ಟಿ? ಸಾಬೀತಾಗಿರುವುದು ಇದೇ ಆದ್ದರಿಂದ. ಮೊದಲ ಹೆಜ್ಜೆ ನಮ್ಮ ದೇಶದ್ದು. 1955ರಲ್ಲಿ ಕೋಲ್ಕತ್ತಾದ ಅಮಲ್ ಕುಮಾರ್ ರಾಯ್‌ಚೌಧುರಿ ಒಂದು ಸಮೀಕರಣ ಪ್ರಕಟಿಸಿದರು. ಒಟ್ಟಿಗೆ ಸಾಗುವ ದಾರಿಗಳ ಕಟ್ಟನ್ನು ಗುರುತ್ವ ಹೇಗೆ ಒಂದರ ಹತ್ತಿರ ಒಂದನ್ನು ಎಳೆಯುತ್ತದೆ ಅಂತ ಅದು ಹೇಳುತ್ತದೆ. ಆಗ ಬಹಳ ಜನ ಯೋಚಿಸುತ್ತಿದ್ದದ್ದು ಹೀಗೆ: ಸಿಂಗ್ಯುಲಾರಿಟಿ ಬರುವುದು ನಾವು ಎಲ್ಲವನ್ನೂ ಗುಂಡಗೆ, ಸಮವಾಗಿ ಇಟ್ಟುಕೊಂಡು ಲೆಕ್ಕ ಹಾಕುವುದರಿಂದ, ನಿಜವಾದ ನಕ್ಷತ್ರ ಸೊಟ್ಟಗೆ ಕುಸಿದರೆ ಬರುವುದಿಲ್ಲ. 1963ರಲ್ಲಿ ಲಿಫ್‌ಶಿಟ್ಸ್ ಮತ್ತು ಖಲಾತ್ನಿಕೋವ್ ಇದನ್ನೇ ವಾದಿಸಿದರು. 1965ರಲ್ಲಿ ರೋಜರ್ ಪೆನ್‌ರೋಸ್ ಆ ಆಸೆಗೆ ತೆರೆ ಎಳೆದರು. ಹೊರಗೆ ಬಿಟ್ಟ ಬೆಳಕೂ ಒಳಗೇ ಕುಗ್ಗುವಂಥ ಒಂದು ಮೇಲ್ಮೈ ಒಮ್ಮೆ ಹುಟ್ಟಿಕೊಂಡರೆ ಸಾಕು, ಶಕ್ತಿಯ ಬಗ್ಗೆ ಕೆಲವು ಸಾಧಾರಣ ಷರತ್ತು ಇದ್ದರೆ, ಗುಂಡಗಿರಲಿ ಸೊಟ್ಟಗಿರಲಿ, ಯಾವುದೋ ಒಂದು ದಾರಿ ಮುಗಿದೇ ಮುಗಿಯುತ್ತದೆ. 2020ರ ನೊಬೆಲ್ ಬಹುಮಾನದಲ್ಲಿ ಅರ್ಧ ಪಾಲು ಅವರಿಗೆ ಬಂತು. ಸ್ಟೀಫನ್ ಹಾಕಿಂಗ್ ಇದೇ ರೀತಿಯ ವಾದವನ್ನು ಹಿಂದಕ್ಕೆ ತಿರುಗಿಸಿ ವಿಶ್ವದ ಆರಂಭಕ್ಕೆ ಅನ್ವಯಿಸಿದರು. 1970ರಲ್ಲಿ ಇಬ್ಬರೂ ಸೇರಿ ಒಂದು ಪ್ರಮೇಯ ಬರೆದರು.

ಗಮನಿಸಿ, ಪೆನ್‌ರೋಸ್ ಪ್ರಮೇಯದಲ್ಲಿ 'ಸಾಂದ್ರತೆ ಅನಂತವಾಗುತ್ತದೆ' ಅನ್ನುವ ಮಾತೇ ಇಲ್ಲ. ದಾರಿ ಮುಗಿಯುತ್ತದೆ ಅಂತಷ್ಟೇ ಇದೆ. ಎಲ್ಲಿ, ಹೇಗೆ, ಯಾಕೆ ಮುಗಿಯುತ್ತದೆ ಅಂತ ಅದು ಹೇಳುವುದಿಲ್ಲ. ಸೆಮಿನಾರ್‌ನಲ್ಲಿ ಮೊದಲ ಅರ್ಥ ಹೇಳಿ ಸಾಕ್ಷಿಗೆ ಪೆನ್‌ರೋಸ್ ಹೆಸರು ಹಾಕುವುದು ಇದಕ್ಕೇ ಸರಿಯಲ್ಲ.

ಈಗ ಬಿಂದುವಿನ ವಿಷಯ. ತಿರುಗದ ಕಪ್ಪುಕುಳಿಯ ದಿಗಂತ ದಾಟಿದ ಮೇಲೆ, ಕೇಂದ್ರದಿಂದ ಅಳೆಯುತ್ತಿದ್ದ ಅಳತೆ ದೂರವಾಗಿ ಉಳಿಯುವುದಿಲ್ಲ, ಕಾಲದಂತೆ ನಡೆದುಕೊಳ್ಳುತ್ತದೆ. ಹಾಗಾಗಿ ಸಿಂಗ್ಯುಲಾರಿಟಿ ಎದುರಿಗಿರುವ ಒಂದು ಜಾಗವಲ್ಲ, ಮುಂದೆ ಬರಲಿರುವ ಒಂದು ಗಳಿಗೆ. ನಾಳೆಯನ್ನು ತಪ್ಪಿಸಿಕೊಂಡು ಪಕ್ಕಕ್ಕೆ ಹೋಗಲು ಆಗುವುದಿಲ್ಲ ಅಲ್ವಾ, ಅದೂ ಹಾಗೆಯೇ. ಆ ಗಳಿಗೆಗೆ ಎಷ್ಟು ಸಮಯ ಉಳಿದಿದೆ ಅಂತ ಲೆಕ್ಕವೂ ಹಾಕಬಹುದು. ಸೂರ್ಯನಷ್ಟು ದ್ರವ್ಯರಾಶಿಯ ಕಪ್ಪುಕುಳಿಯಲ್ಲಿ ದಿಗಂತದಿಂದ ಹೆಚ್ಚೆಂದರೆ ಸುಮಾರು 15 ಮೈಕ್ರೋಸೆಕೆಂಡು. ದ್ರವ್ಯರಾಶಿ ಎಷ್ಟು ಪಟ್ಟು ಹೆಚ್ಚೋ ಸಮಯವೂ ಅಷ್ಟು ಪಟ್ಟು ಹೆಚ್ಚು. ನಮ್ಮ ಕ್ಷೀರಪಥದ ನಡುವೆ ಸುಮಾರು 43 ಲಕ್ಷ ಸೂರ್ಯರಷ್ಟು ತೂಕದ ಕಪ್ಪುಕುಳಿ ಇದೆ. ಅಷ್ಟು ತೂಕಕ್ಕೆ ಒಂದು ನಿಮಿಷ ಚಿಲ್ಲರೆ. 2019ರಲ್ಲಿ ಮೊದಲ ಬಾರಿ ಚಿತ್ರ ಸಿಕ್ಕ, ಎಂ87 ಅನ್ನುವ ಗ್ಯಾಲಕ್ಸಿಯ ಕಪ್ಪುಕುಳಿ ಸುಮಾರು 650 ಕೋಟಿ ಸೂರ್ಯರಷ್ಟು. ಅದಕ್ಕೆ ಹತ್ತಿರ ಹತ್ತಿರ 28 ಗಂಟೆ. ರಾಕೆಟ್ ಎಷ್ಟೇ ಉರಿಸಿದರೂ ಇದಕ್ಕಿಂತ ಜಾಸ್ತಿ ಸಿಗುವುದಿಲ್ಲ. ಕ್ಲಾಸಿನಲ್ಲಿ ಈ ಲೆಕ್ಕವನ್ನು ಬೋರ್ಡಿನ ಮೇಲೆ ಮಾಡಿ ತೋರಿಸಿ. 28 ಗಂಟೆ ಅಂದಾಗ ಮಕ್ಕಳ ಮುಖ ನೋಡಬೇಕು. ಬಿಂದು, ಸಾಂದ್ರತೆ ಅಂತ ಅರ್ಧ ಗಂಟೆ ಹೇಳಿದರೂ ಬಾರದ ತಿಳಿವು ಆ ಒಂದು ಸಂಖ್ಯೆಯಿಂದ ಬರುತ್ತದೆ.

ಈ ಅರ್ಥಕ್ಕೂ ದೌರ್ಬಲ್ಯ ಇದೆ, ಮುಚ್ಚಿಡಬಾರದು. ಮೇಲಿನ ಲೆಕ್ಕ ತಿರುಗದ ಕಪ್ಪುಕುಳಿಯದ್ದು. ಆಕಾಶದಲ್ಲಿರುವ ಕಪ್ಪುಕುಳಿಗಳು ತಿರುಗುತ್ತವೆ. ಅವಕ್ಕೆ ರಾಯ್ ಕೆರ್ 1963ರಲ್ಲಿ ಪರಿಹಾರ ಕೊಟ್ಟರು. ಅದರಲ್ಲಿ ಒಳಗೆ ಇನ್ನೊಂದು ದಿಗಂತ ಇದೆ. ಸಿಂಗ್ಯುಲಾರಿಟಿ ಬಿಂದುವಾಗಿರದೆ ಉಂಗುರದ ಆಕಾರದಲ್ಲಿದೆ. ನಿಜವಾಗಿ ಕುಸಿದ ನಕ್ಷತ್ರದ ಒಳಗೆ ಆ ಒಳದಿಗಂತ ಹಾಗೇ ಉಳಿಯುತ್ತದಾ ಅನ್ನುವುದು ಇವತ್ತಿಗೂ ಗಣಿತಜ್ಞರ ಕೆಲಸ. ಸ್ವತಃ ಕೆರ್ 2023ರ ಕೊನೆಯಲ್ಲಿ ಒಂದು ಲೇಖನ ಬರೆದು, ದಾರಿ ಅಪೂರ್ಣ ಅಂದ ಮಾತ್ರಕ್ಕೆ ಅಲ್ಲಿ ಸಿಂಗ್ಯುಲಾರಿಟಿ ಇದೆ ಅಂತ ಹೇಳಲಾಗದು ಅಂತ ವಾದಿಸಿದರು. ಎಂಎಸ್ಸಿ ಮಟ್ಟದ ಸೆಮಿನಾರ್ ಆದರೆ ಈ ವಾದವನ್ನು ಬಿಡಬೇಡಿ. ಬಿಎಸ್ಸಿಗೆ ಒಂದು ಮಾತು ಸಾಕು.

ಸಿದ್ಧಾಂತದ ಗಡಿ

ನಮ್ಮ ಕಡೆ ಬೋರ್‌ವೆಲ್ ಒಣಗಿದಾಗ ಕ್ಯಾಮೆರಾ ಇಳಿಸಿ ನೋಡುತ್ತಾರೆ. ಸಾವಿರ ಅಡಿಗೆ ವೈರ್ ಮುಗಿಯಿತು ಅನ್ನಿ. ಟಿವಿಯಲ್ಲಿ ಚಿತ್ರ ಅಲ್ಲಿಗೆ ನಿಂತಿತು. ಬೋರ್ ಅಲ್ಲಿಗೆ ಮುಗಿಯಿತು ಅಂತ ರೈತರು ಯಾರೂ ಹೇಳುವುದಿಲ್ಲ. ಮೂರನೇ ಅರ್ಥ ಇದೇ. ಅನಂತ ಬಂತು ಅಂದ್ರೆ ಸಿದ್ಧಾಂತದ ವೈರ್ ಮುಗಿದಿದೆ.

ಎಲ್ಲಿಗೆ ಮುಗಿಯುತ್ತದೆ ಅಂತ ಸಂಖ್ಯೆಯಲ್ಲೇ ಹೇಳಬಹುದು. ಗುರುತ್ವ ಮತ್ತು ಕ್ವಾಂಟಂ ಎರಡೂ ಸಮ ಸಮ ಆಗುವ ಮಟ್ಟಕ್ಕೆ ಪ್ಲಾಂಕ್ ಹೆಸರಿದೆ. ಅಲ್ಲಿ ಸಾಂದ್ರತೆ ಒಂದು ಘನ ಮೀಟರಿಗೆ 5ರ ಮುಂದೆ 96 ಸೊನ್ನೆ ಹಾಕಿದಷ್ಟು ಕಿಲೋಗ್ರಾಂ. ಇದು ಊಹೆಗೆ ನಿಲುಕದ್ದು, ಆದರೆ ಅನಂತ ಅಲ್ಲ. ಐನ್‌ಸ್ಟೈನ್ ಸಮೀಕರಣದಲ್ಲಿ ಕ್ವಾಂಟಂ ಇಲ್ಲ. ಆದ್ದರಿಂದ ಅನಂತಕ್ಕೆ ಹೋಗುವ ಬಹಳ ಮುಂಚೆಯೇ, ಈ ಮಟ್ಟದಲ್ಲಿ, ಅದರ ಮಾತನ್ನು ನಂಬುವುದು ನಿಲ್ಲಿಸಬೇಕು.

ಬಿಗ್ ಬ್ಯಾಂಗ್‌ಗೆ ಈ ಅರ್ಥವೇ ಸರಿ ಅಂತ ನಾನು ಹೇಳುವುದಕ್ಕೆ ಎರಡು ಕಾರಣ.

ಒಂದು, ಹಾಕಿಂಗ್ ಅವರ ವಾದಕ್ಕೆ ಬೇಕಾದ ಷರತ್ತು. ಗುರುತ್ವ ಯಾವಾಗಲೂ ಒಟ್ಟಿಗೆ ಎಳೆಯುತ್ತದೆ ಅಂತ ಅದು ಇಟ್ಟುಕೊಳ್ಳುತ್ತದೆ. ಆರಂಭದ ಕ್ಷಣಗಳಲ್ಲಿ ವಿಶ್ವ ಸರ್ರನೆ ಹಿಗ್ಗಿತು ಅನ್ನುವ ಇನ್‌ಫ್ಲೇಶನ್ ನಿಜವಾದರೆ, ಆಗ ಗುರುತ್ವ ದೂಡುತ್ತಿತ್ತು, ಎಳೆಯುತ್ತಿರಲಿಲ್ಲ. ಷರತ್ತು ಮುರಿಯಿತು. 2003ರಲ್ಲಿ ಬೋರ್ಡೆ, ಗೂತ್, ವಿಲೆಂಕಿನ್ ಬೇರೆ ದಾರಿ ಹಿಡಿದು, ಸರಾಸರಿ ಹಿಗ್ಗುತ್ತಲೇ ಬಂದ ವಿಶ್ವಕ್ಕೆ ಹಿಂದಿನ ದಾರಿಗಳು ಅಪೂರ್ಣ ಅಂತ ತೋರಿಸಿದರು. ಆದರೆ ಅಲ್ಲಿ ಅನಂತ ಇರಲೇಬೇಕು ಅಂತ ಅದು ಹೇಳುವುದಿಲ್ಲ. ಆ ಹಿಗ್ಗುವಿಕೆಗೆ ಮುಂಚೆ ಬೇರೇನೋ ಇತ್ತು ಅಂತಷ್ಟೇ ಆಗಬಹುದು. ಕಪ್ಪುಕುಳಿಯ ವಿಷಯದಲ್ಲಿ ಪೆನ್‌ರೋಸ್‌ಗೆ ಬೇಕಾದ ಷರತ್ತು ಇದಕ್ಕಿಂತ ಸಡಿಲ, ಇನ್‌ಫ್ಲೇಶನ್ ಅದನ್ನು ಮುರಿಯುವುದಿಲ್ಲ.

ಎರಡು, ನಮ್ಮ ಕಣ್ಣು ಎಷ್ಟು ಹಿಂದಕ್ಕೆ ಹೋಗುತ್ತದೆ ಅನ್ನುವುದು. ಇದಕ್ಕೆ ಉದಾಹರಣೆ ನಮ್ಮ ಜಿಲ್ಲೆಯಲ್ಲೇ ಇದೆ, ಮಕ್ಕಳಿಗೆ ಹೇಳದೆ ಬಿಡುವುದು ಅನ್ಯಾಯ. 2020ರಲ್ಲಿ ರಾಮನ್ ಸಂಶೋಧನಾ ಸಂಸ್ಥೆಯವರು ಸರಸ್ 3 ಅನ್ನುವ ರೇಡಿಯೊ ಉಪಕರಣವನ್ನು ತೆಪ್ಪದ ಹಾಗೆ ನೀರಿನ ಮೇಲೆ ತೇಲಿಬಿಟ್ಟರು. ದಂಡಿಗಾನಹಳ್ಳಿ ಕೆರೆಯಲ್ಲಿ ಮತ್ತು ಶರಾವತಿ ಹಿನ್ನೀರಿನಲ್ಲಿ. ಅಡಿಯಲ್ಲಿ ನೆಲ ಇದ್ದರೆ ಅದರ ಪ್ರತಿಫಲನ ಅಳತೆಯನ್ನು ಕೆಡಿಸುತ್ತದೆ, ನೀರು ಒಂದೇ ಸಮ ಇರುತ್ತದೆ. ಮೊದಲ ನಕ್ಷತ್ರಗಳು ಹೊತ್ತಿಕೊಂಡ ಕಾಲದ ಹೈಡ್ರೋಜನ್ ಸದ್ದನ್ನು (ರೇಡಿಯೊ ಸಂಕೇತವನ್ನು) ಹಿಡಿದೆವು ಅಂತ 2018ರಲ್ಲಿ ಅಮೆರಿಕದ ಒಂದು ತಂಡ ಹೇಳಿತ್ತು. ಸರಸ್ 3ರ ಫಲಿತಾಂಶ 2022ರಲ್ಲಿ ಬಂತು, ಅವರು ಹೇಳಿದ ರೂಪದ ಸದ್ದು ಅಲ್ಲಿ ಕಾಣಲಿಲ್ಲ. ನಮ್ಮ ಕೆರೆಯ ಮೇಲೆ ಕೂತು ಇಷ್ಟು ದೊಡ್ಡ ಪ್ರಶ್ನೆಗೆ ಉತ್ತರ ಕೊಟ್ಟದ್ದು ನನಗಂತೂ ಹೆಮ್ಮೆ.

ಆದರೆ ಅದು ತಲುಪುವುದು ಬಿಗ್ ಬ್ಯಾಂಗ್ ಆಗಿ ಕೋಟಿಗಟ್ಟಲೆ ವರ್ಷ ಆದ ಮೇಲಿನ ಕಾಲಕ್ಕೆ. ಎಲ್ಲ ಕಡೆಯಿಂದ ಬರುವ ಮೈಕ್ರೋವೇವ್ ಹಿನ್ನೆಲೆ ಬೆಳಕು ಸುಮಾರು 3 ಲಕ್ಷ 80 ಸಾವಿರ ವರ್ಷದ ಹೊತ್ತಿನದು. ಹೀಲಿಯಂ ಮತ್ತು ಡ್ಯೂಟೀರಿಯಂ ಪ್ರಮಾಣ ಮೊದಲ ಕೆಲವು ನಿಮಿಷಗಳ ಸುದ್ದಿ ಹೇಳುತ್ತದೆ. ಅದಕ್ಕೂ ಹಿಂದಕ್ಕೆ ಹೋದಷ್ಟೂ ಸಾಕ್ಷಿ ಕಡಿಮೆ, ಲೆಕ್ಕ ಜಾಸ್ತಿ. 1380 ಕೋಟಿ ವರ್ಷದ ಕಥೆಯಲ್ಲಿ ಸಾಕ್ಷಿ ಇರುವ ಭಾಗ ಬಹಳ ಗಟ್ಟಿ. ಆ ಗಟ್ಟಿತನವನ್ನು ಸೊನ್ನೆ ಗಳಿಗೆಗೂ ಎಳೆದು ಹಾಕಬಾರದು.

ಸಿಂಗ್ಯುಲಾರಿಟಿ ಇಲ್ಲ, ಪುಟಿದು ಬರುತ್ತದೆ

ನಾಲ್ಕನೆಯದು ಮೂರನೆಯದರ ಮುಂದಿನ ಹೆಜ್ಜೆ. 2001ರಲ್ಲಿ ಮಾರ್ಟಿನ್ ಬೊಜೊವಾಲ್ಡ್, 2006ರಲ್ಲಿ ಅಭಯ್ ಅಷ್ಟೇಕರ್, ಪಾವ್ಲೊವ್‌ಸ್ಕಿ ಮತ್ತು ಪರಮ್‌ಪ್ರೀತ್ ಸಿಂಗ್ ಗುರುತ್ವಕ್ಕೆ ಕ್ವಾಂಟಂ ಜೋಡಿಸುವ ಲೂಪ್ ಕ್ವಾಂಟಂ ವಿಧಾನದಲ್ಲಿ ಲೆಕ್ಕ ಹಾಕಿದರು. ಹಿಂದಕ್ಕೆ ಹೋಗುತ್ತಾ ಸಾಂದ್ರತೆ ಪ್ಲಾಂಕ್ ಮಟ್ಟದ ಸುಮಾರು ಶೇ 41ಕ್ಕೆ ಬಂದಾಗ ಗುರುತ್ವ ದೂಡಲು ಶುರು ಮಾಡುತ್ತದೆ. ಅದರ ಆಚೆ ಕುಗ್ಗುತ್ತಿದ್ದ ಒಂದು ವಿಶ್ವ ಇದೆ. ಲೆಕ್ಕ ಸುಂದರ. ಆದರೆ ಅದು ಬಹಳ ಸರಳಗೊಳಿಸಿದ, ಎಲ್ಲ ಕಡೆ ಒಂದೇ ಸಮ ಇರುವ ವಿಶ್ವಕ್ಕೆ ಹಾಕಿದ ಲೆಕ್ಕ. ಅದೇ ಜೋಡಣೆಗೆ ಪ್ರಯತ್ನಿಸುವ ಸ್ಟ್ರಿಂಗ್ ಸಿದ್ಧಾಂತದವರು ಬೇರೆ ದಾರಿ ಹೇಳುತ್ತಾರೆ. ಇವುಗಳಲ್ಲಿ ಒಂದಕ್ಕೂ ಪ್ರಯೋಗದ ಸಾಕ್ಷಿ ಇಲ್ಲ. ಸೆಮಿನಾರ್‌ನಲ್ಲಿ ಕೊನೆಗೆ ಐದು ನಿಮಿಷ ಕೊಡಿ, ತೀರ್ಮಾನವಾಗಿ ಕೊಡಬೇಡಿ.

ಒಂದೇ ಹೆಸರು, ಎರಡು ಸ್ವಭಾವ

ಎರಡಕ್ಕೂ ಒಂದೇ ಅರ್ಥ ಬೇಡ ಅಂದೆನಲ್ಲ, ಅದಕ್ಕೆ ಗಣಿತದಲ್ಲೇ ಸಾಕ್ಷಿ ಇದೆ. ದೇಶಕಾಲದ ವಕ್ರತೆಗೆ ಎರಡು ಭಾಗ. ವಸ್ತುವಿನಿಂದ ನೇರವಾಗಿ ಬರುವುದಕ್ಕೆ ರಿಚ್ಚಿ ಅನ್ನುತ್ತಾರೆ. ಖಾಲಿ ಜಾಗದಲ್ಲೂ ಉಳಿದು, ಒಂದು ಕಡೆ ಎಳೆದು ಇನ್ನೊಂದು ಕಡೆ ಹಿಂಡುವುದಕ್ಕೆ ವೈಲ್ ಅನ್ನುತ್ತಾರೆ. ಶ್ವಾರ್ಜ್‌ಶೀಲ್ಡ್ ಕಪ್ಪುಕುಳಿಯಲ್ಲಿ ರಿಚ್ಚಿ ಸೊನ್ನೆ, ಅನಂತಕ್ಕೆ ಹೋಗುವುದು ಪೂರ್ತಿ ವೈಲ್. ಒಳಗೆ ಬಿದ್ದವರನ್ನು ಉದ್ದಕ್ಕೆ ಎಳೆದು ಅಡ್ಡಕ್ಕೆ ಹಿಂಡುವುದು ಅದೇ. ಸರಳ ಬಿಗ್ ಬ್ಯಾಂಗ್ ಲೆಕ್ಕದಲ್ಲಿ ಪೂರ್ತಿ ತಿರುಗುಮುರುಗು. ವೈಲ್ ಸೊನ್ನೆ, ಅನಂತಕ್ಕೆ ಹೋಗುವುದು ರಿಚ್ಚಿ. ಎಳೆತ ಹಿಂಡಿತ ಇಲ್ಲ, ಎಲ್ಲ ದಿಕ್ಕಿಗೂ ಒಂದೇ ಸಮ. ವಿಶ್ವ ಅಷ್ಟು ಅಚ್ಚುಕಟ್ಟಾಗಿ ಶುರುವಾದದ್ದು ಯಾಕೆ ಅನ್ನುವ ಪ್ರಶ್ನೆಗೆ 1979ರಲ್ಲಿ ಪೆನ್‌ರೋಸ್ ಈ ವ್ಯತ್ಯಾಸವನ್ನೇ ಮುಂದಿಟ್ಟರು. ಸೆಮಿನಾರ್‌ನಲ್ಲಿ ಒಂದೇ ಒಂದು ಟೇಬಲ್ ಹಾಕಲು ಜಾಗ ಇದ್ದರೆ ಇದನ್ನು ಹಾಕಿ.

ಯಾರ ಮುಂದೆ ಯಾವುದು

ಹತ್ತನೇ ಕ್ಲಾಸಿನ ಮಕ್ಕಳಿಗೆ ಮೂರನೆಯದು ಸಾಕು. ಪಿಯುಸಿಗೆ ಎರಡನೆಯದನ್ನು ಗಡಿಯಾರದ ಲೆಕ್ಕದ ಮೂಲಕ ಹೇಳಬಹುದು, ಸಮೀಕರಣ ಬೇಡ. ಬಿಎಸ್ಸಿಗೆ ಎರಡು ಮತ್ತು ಮೂರು ಒಟ್ಟಿಗೆ, ಜೊತೆಗೆ ಮೇಲೆ ಹೇಳಿದ ರಿಚ್ಚಿ-ವೈಲ್ ಹೋಲಿಕೆಯ ಟೇಬಲ್.

ಊರಿನ ಜನರ ಮುಂದೆ ಮಾತಾಡುವಾಗ ಕಷ್ಟ ಜಾಸ್ತಿ. ಬಾಗೇಪಲ್ಲಿ ಕಡೆಯ ಒಂದು ಕಾರ್ಯಕ್ರಮದಲ್ಲಿ ಹಿರಿಯರೊಬ್ಬರು ಎದ್ದು ನಿಂತು, "ಮೇಷ್ಟ್ರೇ, ಅದಕ್ಕೂ ಮುಂಚೆ ಏನಿತ್ತು ಅಂತ ಹೇಳಿಬಿಡಿ, ಸಾಕು" ಅಂದರು. ನಾಲ್ಕು ಅರ್ಥಗಳ ನಿಜವಾದ ಪರೀಕ್ಷೆ ಈ ಪ್ರಶ್ನೆಯೇ. ಮೊದಲ ಅರ್ಥದಲ್ಲಿ ಉತ್ತರವೇ ಇಲ್ಲ, ಬಿಂದು ಎಲ್ಲಿಂದ ಬಂತು ಅನ್ನುವ ಇನ್ನೊಂದು ಪ್ರಶ್ನೆ ಹುಟ್ಟುತ್ತದೆ. ಎರಡನೆಯದರಲ್ಲಿ 'ಮುಂಚೆ' ಅನ್ನುವುದೇ ಇಲ್ಲ, ಹಿಂದಕ್ಕೆ ಹೋಗುವ ದಾರಿ ಅಲ್ಲಿಗೆ ಮುಗಿಯಿತು. ನಾಲ್ಕನೆಯದರಲ್ಲಿ ಕುಗ್ಗುತ್ತಿದ್ದ ವಿಶ್ವ ಇತ್ತು. ನಾನು ಮೂರನೆಯದನ್ನೇ ಹೇಳಿದೆ: ಮೊದಲ ಕೆಲವು ನಿಮಿಷದವರೆಗೆ ಸಾಕ್ಷಿ ಇದೆ, ಇನ್ನೂ ಹಿಂದಕ್ಕೆ ಲೆಕ್ಕ ಇದೆ, ಅದರಾಚೆ ಈಗಿನ ಸಿದ್ಧಾಂತ ಮಾತಾಡುವುದಿಲ್ಲ. ಅವರು, "ಹಂಗಂದ್ರೆ ನಿಮಗೂ ಗೊತ್ತಿಲ್ಲ" ಅಂದರು. ಹೌದು ಅಂದೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರಾದ ಎಚ್. ನರಸಿಂಹಯ್ಯ ಭೌತಶಾಸ್ತ್ರದ ಮೇಷ್ಟ್ರಾಗಿದ್ದು ಜೀವನವಿಡೀ ಪ್ರಶ್ನೆ ಕೇಳುವುದನ್ನು ಕಲಿಸಿದವರು. ಅವರ ಸೀಮೆಯಲ್ಲಿ ನಿಂತು ಗೊತ್ತಿಲ್ಲದ್ದನ್ನು ಗೊತ್ತಿದೆ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಈ ಆಯ್ಕೆಯನ್ನೆಲ್ಲ ಬದಲಿಸಬಲ್ಲ ಒಂದು ವಿಷಯ ಉಳಿದಿದೆ. ಇಲ್ಲಿಯವರೆಗೆ ಹೇಳಿದ ಕಪ್ಪುಕುಳಿಯ ಸಿಂಗ್ಯುಲಾರಿಟಿ ದಿಗಂತದ ಒಳಗೆ ಇದೆ. ಅಲ್ಲಿ ಏನೇ ಆದರೂ ಹೊರಗಿನ ಲೆಕ್ಕ ಕೆಡುವುದಿಲ್ಲ. 2015ರಲ್ಲಿ ಅಮೆರಿಕದ ಲೈಗೊ ವೀಕ್ಷಣಾಲಯ ಹಿಡಿದ ಮೊದಲ ಗುರುತ್ವ ಅಲೆಯಾಗಲಿ, ಎಂ87ರ ಚಿತ್ರವಾಗಲಿ, ಒಳಗಿನದನ್ನು ತಿಳಿಯದೆಯೇ ಸರಿಯಾಗಿ ಹೊಂದಿಕೊಂಡದ್ದು ಅದಕ್ಕೇ. ಕುಸಿತದಿಂದ ಹುಟ್ಟುವ ಸಿಂಗ್ಯುಲಾರಿಟಿ ಯಾವಾಗಲೂ ಹೀಗೆ ಮುಚ್ಚಿಕೊಂಡೇ ಇರುತ್ತದೆ ಅಂತ ಪೆನ್‌ರೋಸ್ 1969ರಲ್ಲಿ ಊಹೆ ಮಾಡಿದರು. ಇನ್ನೂ ಸಾಬೀತಾಗಿಲ್ಲ. ನಮ್ಮ ದೇಶದ ಪಂಕಜ್ ಜೋಶಿ ಮತ್ತು ಅವರ ಜೊತೆಗಾರರು, ಕೆಲವು ಬಗೆಯ ಕುಸಿತದಲ್ಲಿ ದಿಗಂತ ಮುಚ್ಚುವ ಮೊದಲೇ ಸಿಂಗ್ಯುಲಾರಿಟಿ ಹೊರಗೆ ಕಾಣಬಹುದು ಅಂತ ಲೆಕ್ಕ ಹಾಕಿ ತೋರಿಸಿದ್ದಾರೆ. ಆಕಾಶದಲ್ಲಿ ಅಂಥದ್ದು ಒಂದು ಸಿಕ್ಕರೆ, ಕಪ್ಪುಕುಳಿಗೂ 'ದಾರಿ ಮುಗಿಯುತ್ತದೆ' ಅಂತ ಹೇಳಿ ಸುಮ್ನೆ ಕೂರಲು ಆಗುವುದಿಲ್ಲ. ಆ ಅಂಚಿನಿಂದ ಏನು ಹೊರಗೆ ಬರುತ್ತದೆ ಅಂತ ಹೇಳಲೇಬೇಕಾಗುತ್ತದೆ, ಐನ್‌ಸ್ಟೈನ್ ಸಮೀಕರಣದಲ್ಲಿ ಅದಕ್ಕೆ ಉತ್ತರ ಇಲ್ಲ.